ರಿವರ್ಸ್ ಬೀಳ್ತಿಲ್ಲ ಅಂತ ಗೇರ್‌ಬಾಕ್ಸ್ ಇಳಿಸಬೇಡಿ

ಮಲೆನಾಡಿನ ತೋಟದ ರಸ್ತೆಗಳಲ್ಲಿ ರಿವರ್ಸ್ ಬರದವನು ಡ್ರೈವರೇ ಅಲ್ಲ. ಎದುರಿಂದ ಗಾಡಿ ಬಂತು ಅಂದ್ರೆ ಇಬ್ಬರಲ್ಲಿ ಒಬ್ಬರು ಹಿಂದೆ ಹೋಗಲೇಬೇಕು. ಹೋದ ಜನವರಿಯಲ್ಲಿ ಆಲ್ದೂರಿನಾಚೆ ಅತ್ತೆ ಮನೆಗೆ ಹೋಗುವಾಗ ಎದುರಾದದ್ದು ಕಾಫಿ ಹಣ್ಣಿನ ಮೂಟೆ ತುಂಬಿದ ಟ್ರ್ಯಾಕ್ಟರ್. ಹಿಂದೆ ಟ್ರೈಲರ್ ಬೇರೆ. ಹಾಗಾಗಿ ಜಾಗ ಬಿಡಬೇಕಾದವರು ನಾವೇ. ಕ್ಲಚ್ ಒತ್ತಿ ರಿವರ್ಸ್‌ಗೆ ಎಳೆದೆ. ಕರ್ರ್ ಅಂತ ಸದ್ದು ಬಂತೇ ಹೊರತು ಗೇರ್ ಬೀಳಲಿಲ್ಲ.

"ಜೋರಾಗಿ ಎಳೀರಿ, ಬೀಳುತ್ತೆ" ಅಂದರು ಪಕ್ಕದಲ್ಲಿದ್ದ ಭಾವ. ಟ್ರ್ಯಾಕ್ಟರ್‌ನವನು ಇಳಿದು ಬಂದು, "ಗೇರ್‌ಬಾಕ್ಸ್ ಹೋಯ್ತು ಸಾರ್, ಇಳಿಸ್ಬೇಕು" ಅಂದ. ಬಾನೆಟ್ ಎತ್ತದೇ ತೀರ್ಪು ಕೊಡುವವರಿಗೆ ನಮ್ಮ ಕಡೆ ಬರ ಇಲ್ಲ.

ಇಂಜಿನ್ ಆಫ್ ಮಾಡಿ ಮತ್ತೆ ಎಳೆದೆ. ಲಿವರ್ ಸಲೀಸಾಗಿ ಹೋಗಿ ಕೂತಿತು. ಅರ್ಧ ಉತ್ತರ ಅಲ್ಲೇ ಸಿಕ್ಕಿತು.

ಮುಂದಕ್ಕೆ ಹೋಗುವ ಗೇರುಗಳಿಗೆ ಸಿಂಕ್ರೋ ಅಂತ ಬಳೆಗಳಿರುತ್ತವೆ. ತಿರುಗುವ ಎರಡು ಭಾಗಗಳ ವೇಗ ಸಮ ಮಾಡಿ ಆಮೇಲೆ ಹಲ್ಲು ಕೂರಿಸುವುದು ಅವುಗಳ ಕೆಲಸ. ತುಂಬಾ ಕಾರುಗಳಲ್ಲಿ ರಿವರ್ಸ್‌ಗೆ ಈ ಸೌಲಭ್ಯ ಇಲ್ಲ. ನೇರ ಹಲ್ಲಿನ ಒಂದು ಐಡ್ಲರ್ ಗೇರ್ ಜಾರಿ ಬಂದು ಉಳಿದೆರಡರ ನಡುವೆ ಸೇರಿಕೊಳ್ಳಬೇಕು. ಪೆಡಲ್ ಒತ್ತಿದರೂ ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಂಟು ಪೂರ್ತಿ ಬಿಡದಿದ್ದರೆ ಒಳಗಿನ ಶಾಫ್ಟ್ ತಿರುಗುತ್ತಲೇ ಇರುತ್ತದೆ, ಹಲ್ಲಿಗೆ ಹಲ್ಲು ಉಜ್ಜುತ್ತದೆ. ಕ್ಲಚ್ ಕೆಟ್ಟರೂ ಮೊದಲು ತಕರಾರು ತೆಗೆಯುವುದು ರಿವರ್ಸೇ. ಬೈಗುಳ ಮಾತ್ರ ಗೇರ್‌ಬಾಕ್ಸಿಗೆ!

ಇಂಜಿನ್ ಆಫ್ ಇದ್ದಾಗಲೂ ಬೀಳದಿದ್ದರೆ ಕಥೆ ಬೇರೆ. ಕೆಲವೊಮ್ಮೆ ಹಲ್ಲಿಗೆ ಹಲ್ಲು ಎದುರಾಗಿ ನಿಂತಿರುತ್ತದೆ. ನ್ಯೂಟ್ರಲ್‌ನಲ್ಲಿ ಕ್ಲಚ್ ಒಮ್ಮೆ ಬಿಟ್ಟು ಒತ್ತಿದರೆ ಸಾಕು. ಅದಕ್ಕೂ ಬಗ್ಗದಿದ್ದರೆ ಗೇರ್ ಕೇಬಲ್, ಅದರ ಬುಷ್, ಕೆಲವು ಗಾಡಿಗಳಲ್ಲಿ ರಿವರ್ಸ್ ಹಾಕುವಾಗ ಎತ್ತಬೇಕಾದ ಲಿವರ್ ಕೆಳಗಿನ ರಿಂಗ್, ಇವನ್ನೆಲ್ಲ ನೋಡಬೇಕು. ಗೇರ್‌ಬಾಕ್ಸ್ ಒಳಗಿನ ಮಾತು ಬರುವುದು ಇದೆಲ್ಲ ಆದ ಮೇಲೆ.

ಮೊದಲನೇ ಗೇರಿಗೆ ಹಾಕಿ ಆಮೇಲೆ ರಿವರ್ಸ್‌ಗೆ ಎಳೆಯುವ ಉಪಾಯ ಕ್ಲಚ್ ಸರಿ ಇದ್ದಾಗ ನಡೆಯುತ್ತದೆ. ಅವತ್ತು ನಡೆಯಲಿಲ್ಲ. ಕೊನೆಗೆ ಭಾವ ಇಳಿದು ಹಿಂದೆ ಯಾರೂ ಇಲ್ಲ ಅಂತ ನೋಡಿದರು. ಇಂಜಿನ್ ಆಫ್ ಇದ್ದಾಗಲೇ ರಿವರ್ಸ್ ಹಾಕಿ, ಕ್ಲಚ್ಚೂ ಬ್ರೇಕೂ ಒತ್ತಿ ಹಿಡಿದು ಸ್ಟಾರ್ಟ್ ಮಾಡಿದೆ. ಕ್ಲಚ್ ಒತ್ತಿದ್ದರೂ ಗಾಡಿ ಹಿಂದಕ್ಕೆ ಜಗ್ಗಿತು. ಕ್ಲಚ್ ಮೇಲಿನ ಅನುಮಾನ ಖಾತ್ರಿ ಆಯ್ತು. ಟ್ರ್ಯಾಕ್ಟರ್ ದಾಟಿತು.

ಅತ್ತೆ ಮನೆ ಅಂಗಳದಲ್ಲಿ ಬಾನೆಟ್ ಎತ್ತಿದೆ. ನಮ್ಮ ಕಾರಿನಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಫ್ಲೂಯಿಡ್ ಡಬ್ಬಿ. ಕ್ಲಚ್ಚಿಗೆ ಹೋಗುವ ಪೈಪು ಡಬ್ಬಿಯ ಮೇಲ್ಭಾಗದಲ್ಲಿರುತ್ತದೆ. ಕ್ಲಚ್ ಕಡೆ ಸೋರಿದರೂ ಬ್ರೇಕಿಗೆ ಬೇಕಾದಷ್ಟು ಕೆಳಗೆ ಉಳಿಯಲಿ ಅಂತ. ಫ್ಲೂಯಿಡ್ ಸರಿಯಾಗಿ ಆ ಪೈಪಿನ ಬಾಯಿಗಿಂತ ಕೆಳಗಿತ್ತು. ಗೇರ್‌ಬಾಕ್ಸ್ ಪಕ್ಕದಲ್ಲಿ, ಫ್ಲೂಯಿಡ್ ಒತ್ತಡದಿಂದ ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರಿನ ರಬ್ಬರ್ ಟೋಪಿ ಬೆರಳಲ್ಲಿ ಸರಿಸಿದರೆ ಒಳಗಿಂದ ತೊಟ್ಟಿಕ್ಕಿತು. ಭಾವನ ಜೀಪಿಗೆ ಅಂತ ಇಟ್ಟಿದ್ದ ಬಾಟಲಿಯಿಂದ, ಡಬ್ಬಿಯ ಮುಚ್ಚಳದ ಮೇಲೆ ಬರೆದಿದ್ದ ಡಾಟ್ ನಂಬರ್ (ಫ್ಲೂಯಿಡ್ ಯಾವ ದರ್ಜೆಯದು ಅನ್ನುವ ಗುರುತು) ನೋಡಿಕೊಂಡು, ಫ್ಲೂಯಿಡ್ ತುಂಬಿಸಿದೆ. ಪೇಂಟಿನ ಮೇಲೆ ಬಿದ್ದರೆ ಬಣ್ಣ ತಿನ್ನುತ್ತೆ, ಜೋಪಾನ. ಪೆಡಲ್ ಪಂಪ್ ಮಾಡಿದ ಮೇಲೆ ಚಿಕ್ಕಮಗಳೂರು ಮುಟ್ಟುವಷ್ಟು ಚೇತರಿಸಿಕೊಂಡಿತು.

ಅಲ್ಲಿ ಮೊದಲು ಹೋದ ಗ್ಯಾರೇಜಿನವರೂ ಗೇರ್‌ಬಾಕ್ಸ್ ಇಳಿಸೋಣ ಅಂದರು. ನಮಸ್ಕಾರ ಹೇಳಿ ಹೊರಟೆ. ಇನ್ನೊಂದು ಕಡೆ ವಯಸ್ಸಾದ ಮೆಕ್ಯಾನಿಕ್ ಒಬ್ಬರು ಸ್ಲೇವ್ ಸಿಲಿಂಡರ್ ಬದಲಿಸಿ ಗಾಳಿ ತೆಗೆಯಲು ಕೂತರು. ಹುಡುಗ ಪೆಡಲ್ ಮೇಲೆ, ಇವರು ಗಾಳಿ ಹೊರಬಿಡುವ ತಿರುಪು, ಅಂದ್ರೆ ನಿಪ್ಪಲ್ ಹತ್ತಿರ. "ಒತ್ತು... ಹಿಡ್ಕೋ... ಹಾಂ, ಈಗ ಬಿಡು ತಮ್ಮಾ." ನಿಪ್ಪಲ್ ಬಿಗಿ ಮಾಡುವ ಮೊದಲು ಹುಡುಗ ಕಾಲೆತ್ತಿದರೆ ಗಾಳಿ ಮತ್ತೆ ಒಳಕ್ಕೆ. ಪಾರದರ್ಶಕ ಪೈಪಿನಲ್ಲಿ ಗುಳ್ಳೆ ನಿಲ್ಲುವವರೆಗೂ ಅದೇ ಮಂತ್ರ. ಹೊರಬಂದ ಹಳೇ ಫ್ಲೂಯಿಡ್ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು.

"ಇದು ಗಾಳಿಯಲ್ಲಿರೋ ತೇವ ಹೀರುತ್ತೆ ಸಾರ್. ನಮ್ಮ ಮಳೆಗಾಲ ಗೊತ್ತಲ್ಲ, ಎರಡು ವರ್ಷಕ್ಕೊಮ್ಮೆ ಬದಲಿಸಿ" ಅಂದರು. ಬ್ರೇಕ್ ಕಡೆಯದ್ದನ್ನೂ ಅವತ್ತೇ ಬದಲಿಸಿಕೊಂಡು ಬಂದೆ.