ನಿಕೋಡೀಮಸ್: ಹದಿನಾಲ್ಕು ಜನರ ಊರು

ಅಮೆರಿಕದ ಕ್ಯಾನ್ಸಸ್ ರಾಜ್ಯದ ಹೇಸ್ ಪಟ್ಟಣದಿಂದ ಉತ್ತರಕ್ಕೆ ಹೊರಟು, ಸ್ಟಾಕ್ಟನ್‌ನಲ್ಲಿ ಪಶ್ಚಿಮಕ್ಕೆ ತಿರುಗಿ 24ನೇ ಹೆದ್ದಾರಿ ಹಿಡಿದರೆ ಮೂವತ್ತು ಕಿಲೋಮೀಟರ್ ಆಚೀಚೆಗೆ ನಿಕೋಡೀಮಸ್ ಸಿಗುತ್ತದೆ. ಮರವೇ ವಿರಳವಾದ ಸೀಮೆ ಇದು. ಹೇಸ್ ಸುತ್ತಿನ ಹೊಲಗಳ ಬೇಲಿಗೆ ಹಿಂದಿನ ರೈತರು ಸುಣ್ಣಕಲ್ಲನ್ನು ಸೀಳಿ ನೆಟ್ಟ ಕಂಬಗಳು ಈಗಲೂ ಅಲ್ಲಲ್ಲಿ ನಿಂತಿವೆ. ನಾವು ಹೋದದ್ದು ಸೆಪ್ಟೆಂಬರಿನಲ್ಲಿ. ಗೋಧಿಯ ಕೊಯ್ಲು ಬೇಸಿಗೆಯಲ್ಲೇ ಮುಗಿದಿತ್ತು, ರಸ್ತೆಯ ಎರಡೂ ಬದಿಗೆ ಜೋಳ ತೆನೆಗಟ್ಟಿತ್ತು. ಅಮೆರಿಕದಲ್ಲಿ ಅತಿ ಹೆಚ್ಚು ಜೋಳ ಬೆಳೆಯುವ ರಾಜ್ಯ ಕ್ಯಾನ್ಸಸ್. ಆದರೆ ವಿಜಯಪುರದ ಕಡೆ ಆಳೆತ್ತರ ಬೆಳೆಯುವ ಬಿಳಿಜೋಳವನ್ನು ಕಂಡವರಿಗೆ ಇದು ಜೋಳವೆಂದು ಥಟ್ಟನೆ ಹೊಳೆಯುವುದಿಲ್ಲ: ಸೊಂಟದೆತ್ತರದ ಗಿಡ, ಕೆಂಪು ಬಣ್ಣದ ಗಿಡ್ಡ ತೆನೆ. ರೊಟ್ಟಿಯ ಮಾತು ಇಲ್ಲಿಲ್ಲ. ಬೆಳೆಯ ಬಹುಪಾಲು ಪಶು ಆಹಾರಕ್ಕೆ, ಎಥೆನಾಲ್ ಇಂಧನದ ತಯಾರಿಕೆಗೆ ಮತ್ತು ರಫ್ತಿಗೆ ಹೋಗುತ್ತದೆ.

2020ರ ಜನಗಣತಿಯ ಪ್ರಕಾರ ಊರಿನ ಜನಸಂಖ್ಯೆ 14. ಅಮೆರಿಕದ ಪಶ್ಚಿಮ ಬಯಲಿನಲ್ಲಿ ಕರಿಯರು ನೆಲೆಗೊಳಿಸಿದ ಊರುಗಳಲ್ಲಿ ಇಂದಿಗೂ ಜನವಸತಿ ಉಳಿದಿರುವ ಅತ್ಯಂತ ಹಳೆಯ ಊರು ಇದೆಂಬ ಕಾರಣಕ್ಕೆ 1996ರಲ್ಲಿ ರಾಷ್ಟ್ರೀಯ ಐತಿಹಾಸಿಕ ತಾಣವೆಂದು ಘೋಷಿತವಾಯಿತು. ಗುಲಾಮಗಿರಿ ಕಾನೂನಿನಲ್ಲಿ ಅಳಿದಿದ್ದರೂ ದಕ್ಷಿಣದಲ್ಲಿ ಕರಿಯರ ಬದುಕು ಮತ್ತೆ ದುರ್ಭರವಾಗುತ್ತಿದ್ದ 1877ರಲ್ಲಿ, ಡಬ್ಲ್ಯೂ. ಆರ್. ಹಿಲ್ ಎಂಬ ಬಿಳಿಯ ಭೂವ್ಯವಹಾರಿಯೂ ಡಬ್ಲ್ಯೂ. ಎಚ್. ಸ್ಮಿತ್ ಎಂಬ ಕರಿಯ ಪಾದ್ರಿಯೂ ಸೇರಿ ಇಲ್ಲಿ ಊರು ಕಟ್ಟುವ ಕಂಪನಿಯೊಂದನ್ನು ಹುಟ್ಟುಹಾಕಿದರು. ಸ್ವಂತ ನೆಲದ ಆಸೆ ಹೊತ್ತು ಕೆಂಟಕಿ ರಾಜ್ಯದಿಂದ ಆ ಸೆಪ್ಟೆಂಬರಿನಲ್ಲಿ ಸುಮಾರು ಮುನ್ನೂರು ಜನ ಬಂದರು.

ಮರುವರ್ಷದ ವಸಂತದಲ್ಲಿ ಬಂದ ವಿಲಿಯಾನಾ ಹಿಕ್‌ಮನ್ ಎಂಬ ಹೆಣ್ಣುಮಗಳ ನೆನಪು ದಾಖಲಾಗಿದೆ. ಜೊತೆಯ ಗಂಡಸರು ಅಗೋ ನಿಕೋಡೀಮಸ್ ಎಂದು ಕೂಗಿದಾಗ ಆಕೆ ಕಣ್ಣರಳಿಸಿ ನೋಡಿದರು, ಮನೆಯೊಂದೂ ಕಾಣಲಿಲ್ಲ. ಎಲ್ಲಿ ಎಂದು ಕೇಳಿದ್ದಕ್ಕೆ ಗಂಡ ನೆಲದೊಳಗಿಂದ ಏಳುತ್ತಿದ್ದ ಹೊಗೆಯನ್ನು ತೋರಿಸಿದ. ನಮ್ಮಲ್ಲಿ ಹಗೇವು ತೋಡಿ ಕಾಳು ಕಾಪಿಡುವ ಹಾಗೆ ಅಲ್ಲಿನವರು ನೆಲ ತೋಡಿ ತಮ್ಮನ್ನು ಕಾಪಾಡಿಕೊಂಡಿದ್ದರು. ಅದನ್ನು ಕಂಡು ಆಕೆ ಅತ್ತುಬಿಟ್ಟರಂತೆ. ಮೊದಲ ತಂಡದ ಹಲವು ಕುಟುಂಬಗಳು ಬಂದ ದಾರಿಯಲ್ಲೇ ಹಿಂದಿರುಗಿದ್ದವು. ಉಳಿದವರು ಮೊದಲ ಚಳಿಗಾಲವನ್ನು ದಾಟಿದ್ದು, ಬೇಟೆ ಮುಗಿಸಿ ಮರಳುತ್ತಿದ್ದ ಓಸೇಜ್ ಬುಡಕಟ್ಟಿನವರು ಹಂಚಿಕೊಟ್ಟ ಮಾಂಸದಿಂದ ಎಂದು ಇಲ್ಲಿಯ ವಂಶಸ್ಥರು ಈಗಲೂ ಹೇಳುತ್ತಾರೆ.

ಇಂಥ ಆರಂಭದಿಂದ ಹತ್ತು ವರ್ಷದೊಳಗೆ ಅಂಗಡಿ, ಹೋಟೆಲು, ಚರ್ಚು, ಶಾಲೆಗಳಿದ್ದ ಊರು ಮೂಡಿತೆಂದರೆ ಅವರ ಛಲಕ್ಕೆ ಬೇರೆ ಸಾಕ್ಷಿ ಬೇಡ. ಇಲ್ಲಿ ನೆಲೆಸಿದ್ದ ಎಡ್ವರ್ಡ್ ಮೆಕೇಬ್ 1882ರಲ್ಲಿ ಇಡೀ ರಾಜ್ಯದ ಲೆಕ್ಕಪರಿಶೋಧಕನಾಗಿ ಚುನಾಯಿತನಾದ. 1887ರಲ್ಲಿ ರೈಲನ್ನು ಕರೆತರಲು ಇಲ್ಲಿನವರು 16,000 ಡಾಲರ್ ಮೊತ್ತದ ಬಾಂಡುಗಳಿಗೆ ಮತ ಹಾಕಿದರು, ರೈಲು ಬರಲಿಲ್ಲ. ಮರುವರ್ಷ ಯೂನಿಯನ್ ಪೆಸಿಫಿಕ್ ಕಂಪನಿ ಸಾಲೊಮನ್ ನದಿಯ ದಕ್ಷಿಣಕ್ಕೆ ಹಳಿ ಹಾಕಿತು. ಹಳಿಯ ಪಕ್ಕದಲ್ಲಿ ಬೋಗ್ ಎಂಬ ಹೊಸ ಊರು ಎದ್ದಿತು, ವ್ಯಾಪಾರಿಗಳು ಅಂಗಡಿ ಎತ್ತಿಕೊಂಡು ಅತ್ತ ನಡೆದರು.

ನಿಕೋಡೀಮಸ್ ಕ್ಷೀಣಿಸಿದ್ದಕ್ಕೆ ಎಲ್ಲರೂ ಕೊಡುವ ಕಾರಣ ಇದೇ. ಇದು ನಿಜವಾದರೂ ಅರ್ಧ ಮಾತ್ರ ಎಂದು ನನಗೆ ಅಲ್ಲಿ ಓಡಾಡುವಾಗ ಅನ್ನಿಸಿತು. ರೈಲು ದಕ್ಕಿದ ಬೋಗ್‌ನ ಜನಸಂಖ್ಯೆಯೂ ಇಂದು ಇನ್ನೂರನ್ನು ಮುಟ್ಟುವುದಿಲ್ಲ. ಇವೆರಡೂ ಊರುಗಳಿರುವ ಗ್ರಹಾಂ ಕೌಂಟಿಯಲ್ಲಿ 1910ರಲ್ಲಿ 8,700 ಜನರಿದ್ದರೆ 2020ರಲ್ಲಿ ಉಳಿದವರು 2,415. ಮೂವತ್ತರ ದಶಕದ ಬರ ಮತ್ತು ಧೂಳಿನ ಬಿರುಗಾಳಿಗಳು ಒಂದಷ್ಟು ಜನರನ್ನು ಎಬ್ಬಿಸಿದವು. ಆಮೇಲೆ ಟ್ರ್ಯಾಕ್ಟರು, ಕಟಾವು ಯಂತ್ರಗಳು ಬಂದು, ಸರ್ಕಾರ ಕುಟುಂಬಕ್ಕೆ ತಲಾ ನೂರರುವತ್ತು ಎಕರೆಯಂತೆ ಹಂಚಿದ್ದ ಜಮೀನುಗಳು ಸಾವಿರಾರು ಎಕರೆಗಳ ಹಿಡುವಳಿಗಳಾಗಿ ಕೂಡಿಕೊಂಡಾಗ ಬಯಲಿನ ಊರುಗಳೆಲ್ಲ ಒಂದೇ ತೆರನಾಗಿ ಬರಿದಾದವು. ನಿಕೋಡೀಮಸ್‌ನ ಅಂಚೆ ಕಚೇರಿ 1953ರಲ್ಲಿ ಮುಚ್ಚಿತು.

ಐದು ಹಳೆಯ ಕಟ್ಟಡಗಳು ಉಳಿದಿವೆ. 1918ರ ಶಾಲೆ ಮರದ್ದು, ಅದರ ಗೋಡೆಯ ಹಲಗೆಗಳು ಬಿಸಿಲಿಗೆ ಒಣಗಿವೆ. 1939ರ ಸಭಾಭವನ ಸುಣ್ಣಕಲ್ಲಿನದು, ಆರ್ಥಿಕ ಮುಗ್ಗಟ್ಟಿನ ಕಾಲದ ಸರ್ಕಾರಿ ಉದ್ಯೋಗ ಯೋಜನೆಯಲ್ಲಿ ಕಟ್ಟಿದ್ದು. ಹತ್ತಿರ ಹೋಗಿ ನೋಡಿದರೆ ಕಲ್ಲಿನ ಬಣ್ಣ ಬೇಲಿಯ ಕಂಬಗಳದ್ದೇ, ಮಾಸಲು ಹಳದಿ. ಸ್ಮಾರಕಗಳ ನಡುವೆ ಜನ ವಾಸಿಸುವ ಮನೆಗಳೂ ಇವೆ. ಕಂಡಕಂಡಲ್ಲಿ ಕ್ಯಾಮೆರಾ ಹಿಡಿಯುವ ಪ್ರವಾಸಿಗರು ಇದನ್ನು ಮರೆಯಬಾರದು.

ಜುಲೈ ತಿಂಗಳ ಕೊನೆಯ ವಾರಾಂತ್ಯದಲ್ಲಿ ಈ ಹದಿನಾಲ್ಕರ ಲೆಕ್ಕ ತಲೆಕೆಳಗಾಗುತ್ತದೆ. ವಿಮೋಚನೆಯ ನೆನಪಿಗೆ ಹತ್ತೊಂಬತ್ತನೆಯ ಶತಮಾನದಲ್ಲೇ ಶುರುವಾದ ಉತ್ಸವಕ್ಕೆ ದೇಶದ ನಾನಾ ಮೂಲೆಗಳಿಂದ ನೂರಾರು ವಂಶಸ್ಥರು ಬಂದು ಸೇರುತ್ತಾರೆ. ಊರನ್ನು ಜನರ ಸಮೇತ ನೋಡಬೇಕೆನ್ನುವವರು ಆಗಲೇ ಹೋಗುವುದು ಒಳ್ಳೆಯದು. ಊರೊಳಗೆ ನನಗೆ ಅಂಗಡಿಯಾಗಲಿ ಪೆಟ್ರೋಲ್ ಬಂಕಾಗಲಿ ಕಾಣಲಿಲ್ಲವಾದ್ದರಿಂದ, ಊಟ ಮತ್ತು ಇಂಧನದ ಏರ್ಪಾಟನ್ನು ಸ್ಟಾಕ್ಟನ್‌ನಲ್ಲೋ ಪಶ್ಚಿಮದ ಹಿಲ್ ಸಿಟಿಯಲ್ಲೋ ಮೊದಲೇ ಮಾಡಿಕೊಳ್ಳಬೇಕು.