ದವಡೆಯ ಲೆಕ್ಕ, ತುಟಿಯ ದಪ್ಪ

ಪಕ್ಕದಿಂದ ನೋಡಿದಾಗ ಮುಖ ಸಮತೋಲವಾಗಿಯೇ ಕಾಣುವ ವ್ಯಕ್ತಿಯ ಎಕ್ಸ್‌ರೇಯಲ್ಲಿ ಕೆಳದವಡೆ ಗಣನೀಯವಾಗಿ ಹಿಂದೆ ಸರಿದಿರುವುದುಂಟು. ಚರ್ಮ, ಕೊಬ್ಬು ಮತ್ತು ಸ್ನಾಯುಗಳು ಮೂಳೆಯ ಮೇಲೆ ಎಲ್ಲೆಡೆ ಒಂದೇ ದಪ್ಪದಲ್ಲಿ ಹರಡಿಕೊಂಡಿಲ್ಲ ಎಂಬುದನ್ನು ನೆನಪಿಟ್ಟರೆ ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ.

1931ರಲ್ಲಿ ಅಮೆರಿಕದಲ್ಲಿ ಬ್ರಾಡ್‌ಬೆಂಟ್ ಮತ್ತು ಜರ್ಮನಿಯಲ್ಲಿ ಹೋಫ್ರಾತ್ ತಲೆಯ ಪಾರ್ಶ್ವ ಎಕ್ಸ್‌ರೇ ತೆಗೆಯುವ ಪ್ರಮಾಣಿತ ವಿಧಾನವನ್ನು ಪ್ರಕಟಿಸಿದ ಮೇಲೆ ದಂತವಕ್ರತೆಯ ಚಿಕಿತ್ಸೆ ಬಹುಕಾಲ ಮೂಳೆಯ ಕೋನಗಳನ್ನೇ ನೆಚ್ಚಿಕೊಂಡಿತು. ದಂತವಕ್ರತೆಯ ತಜ್ಞ ಸ್ಟೈನರ್ 1953ರಲ್ಲಿ ಮುಂದಿಟ್ಟ ವಿಶ್ಲೇಷಣೆಯಲ್ಲಿ ತಲೆಬುರುಡೆಯ ಬುಡಕ್ಕೆ ಹೋಲಿಸಿ ಅಳೆದ ಮೇಲ್ದವಡೆಯ ಕೋನ 82 ಡಿಗ್ರಿ, ಕೆಳದವಡೆಯದು 80 ಡಿಗ್ರಿ; ಇವೆರಡರ ವ್ಯತ್ಯಾಸವಾದ 2 ಡಿಗ್ರಿಯೇ, ದವಡೆಗಳು ಒಂದಕ್ಕೊಂದು ಎಷ್ಟು ಹಿಂದೆಮುಂದೆ ಇವೆ ಎಂದು ಹೇಳುವ ಎಎನ್‌ಬಿ ಕೋನದ ಸರಾಸರಿ. ಅದು ಹೆಚ್ಚಿದರೆ ಎರಡನೆಯ ವರ್ಗ, ಅಂದರೆ ಮೇಲ್ದವಡೆಗೆ ಹೋಲಿಸಿದರೆ ಕೆಳದವಡೆ ಹಿಂದಿದೆ; ಸೊನ್ನೆಗಿಂತ ಕೆಳಗಿಳಿದರೆ ಮೂರನೆಯ ವರ್ಗ, ಅಂದರೆ ಕೆಳದವಡೆ ಮುಂದಿದೆ. ಮೂಗಿನ ಬುಡದ ಬಿಂದು ತುಸು ಹಿಂದೆಮುಂದೆ ಇದ್ದರೂ ಈ ಕೋನ ಬದಲಾಗುತ್ತದೆ ಎಂಬ ದೋಷವೂ ಇದಕ್ಕಿದೆ.

ಮೃದು ಅಂಗಾಂಶದ ದಪ್ಪವನ್ನು ಈ ವರ್ಗಗಳೊಂದಿಗೆ ಹೋಲಿಸಿದ ಅಧ್ಯಯನಗಳು ನನಗೆ ಆಸಕ್ತಿಕರವೆನಿಸುವುದು ಇಲ್ಲಿಯೇ. ಮೇಲ್ದವಡೆ ಹಿಂದುಳಿದ ಮೂರನೆಯ ವರ್ಗದವರಲ್ಲಿ ಮೂಗಿನ ಕೆಳಗಿನ ಮತ್ತು ಮೇಲ್ತುಟಿಯ ಅಂಗಾಂಶ ಹೆಚ್ಚು ದಪ್ಪವಾಗಿರುವುದು ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ; ಎರಡನೆಯ ವರ್ಗದವರಲ್ಲಿ ಕೆಳತುಟಿಯ ಭಾಗ ದಪ್ಪವಾಗುವ ಒಲವು ವರದಿಯಾಗಿದೆ. ಎಲ್ಲಿ ಮೂಳೆ ಕೊರೆಯೋ ಅಲ್ಲಿ ಮಾಂಸ ಒಂದಿಷ್ಟು ತುಂಬಿಕೊಡುತ್ತದೆ ಎನ್ನಬಹುದು. ಆದರೆ ಈ ಸರಿದೂಗಿಸುವಿಕೆಗೆ ಮಿತಿಯಿದೆ: ಉದ್ದಮುಖದವರಲ್ಲಿ ಗದ್ದದ ಕೆಳಭಾಗದ ಅಂಗಾಂಶ ತೆಳುವಾಗಿರುವುದರಿಂದ ಹಿಂದೆ ಸರಿದ ಗದ್ದ ಇನ್ನಷ್ಟು ಹಿಂದೆ ಸರಿದಂತೆ ತೋರುತ್ತದೆ.

ಅಳತೆಯ ಕ್ಷಣದಲ್ಲಿ ತುಟಿ ಹೇಗಿತ್ತು ಎಂಬುದು ಸಣ್ಣ ವಿಷಯವಲ್ಲ. ಮೇಲಿನ ಬಾಚಿಹಲ್ಲುಗಳು ಮುಂಚಾಚಿದ್ದಾಗ ಬಾಯಿ ಮುಚ್ಚಲು ತುಟಿಗಳನ್ನು ಒತ್ತಿ ಸೇರಿಸಬೇಕಾಗುತ್ತದೆ. ಆಗ ಮೇಲ್ತುಟಿ ಎಳೆದುಕೊಂಡು ಅಂಚಿನಲ್ಲಿ ತೆಳುವಾಗುತ್ತದೆ, ಗದ್ದದ ಸ್ನಾಯು ಬಿಗಿದು ಚರ್ಮದಲ್ಲಿ ಕುಳಿಗಳೇಳುತ್ತವೆ. ಅಂಥ ಚಿತ್ರದಿಂದ ಪಡೆದ ಮಿಲಿಮೀಟರುಗಳು ತುಟಿಯ ಸಹಜ ದಪ್ಪವನ್ನು ಹೇಳುವುದಿಲ್ಲ. ಹಲ್ಲುಗಳು ತಾಗಿದ್ದು ತುಟಿಗಳು ಸಡಿಲವಾಗಿದ್ದಾಗಲೇ, ನಡುವೆ ಸಂದು ಉಳಿದರೂ ಸರಿ, ಎಕ್ಸ್‌ರೇ ತೆಗೆಯಬೇಕು.

ದಂತವಕ್ರತೆಯ ತಜ್ಞ ಹೋಲ್ಡವೇ ತೋರಿಸಿದಂತೆ ಈ ಬಿಗಿತಕ್ಕೆ ಚಿಕಿತ್ಸೆಯಲ್ಲೂ ಪರಿಣಾಮವಿದೆ: ಹಲ್ಲನ್ನು ಹಿಂದೆಳೆದಾಗ ಬಿಗಿದ ತುಟಿ ಮೊದಲು ತನ್ನ ಸಹಜ ದಪ್ಪಕ್ಕೆ ಮರಳುತ್ತದೆ, ಬಳಿಕವಷ್ಟೇ ಹಲ್ಲನ್ನು ಹಿಂಬಾಲಿಸುತ್ತದೆ. ತೆಳು ತುಟಿ ಹಲ್ಲಿನ ಚಲನೆಯನ್ನು ಹೆಚ್ಚು ನಿಕಟವಾಗಿ ಅನುಸರಿಸಿದರೆ ದಪ್ಪ ತುಟಿ ಅಷ್ಟಾಗಿ ಕದಲುವುದಿಲ್ಲ. ಆದ್ದರಿಂದ ಹಲ್ಲು ಇಷ್ಟು ಸರಿದರೆ ತುಟಿ ಇಷ್ಟು ಸರಿಯುತ್ತದೆ ಎಂಬ ಒಂದೇ ಅನುಪಾತವನ್ನು ಎಲ್ಲರಿಗೂ ಅನ್ವಯಿಸುವ ರೂಢಿಯನ್ನು ನಾನು ಒಪ್ಪಲಾರೆ. ಹಿಂದೆಳೆಯಲು ಜಾಗ ಮಾಡಿಕೊಳ್ಳಲೆಂದು ಹಲ್ಲು ಕೀಳಿಸುವ ನಿರ್ಧಾರವೂ ಇದನ್ನೇ ಅವಲಂಬಿಸಿರುವಾಗ, ತೆಳು ತುಟಿಯವರಲ್ಲಿ ಮುಖದ ಕೆಳಭಾಗ ಚಪ್ಪಟೆಯಾಗುವ ಅಪಾಯವನ್ನು ಮೊದಲೇ ತೂಗಿ ನೋಡಬೇಕು.

ಸರಾಸರಿಗಳ ವಿಷಯದಲ್ಲೂ ಎಚ್ಚರ ಅಗತ್ಯ. ಸಾಮಾನ್ಯವಾಗಿ ಗಂಡಸರ ಅಂಗಾಂಶ ಹೆಂಗಸರದ್ದಕ್ಕಿಂತ ದಪ್ಪ. ಜನಾಂಗದಿಂದ ಜನಾಂಗಕ್ಕೂ ವ್ಯತ್ಯಾಸವಿದೆ. ವಯಸ್ಸಾದಂತೆ ಮೇಲ್ತುಟಿ ತೆಳುವಾಗಿ ಇಳಿಬೀಳುತ್ತದೆ. ಹದಿಹರೆಯದವರ ತುಟಿಗಳನ್ನು ಇಂದಿನ ಅಳತೆಗೆ ತಕ್ಕಂತೆ ಪೂರ್ತಿ ಹಿಂದೆ ಕೂರಿಸಿದರೆ, ಮುಂದೆ ಮೂಗು ಮತ್ತು ಗದ್ದ ಬೆಳೆದು ತುಟಿ ತೆಳುವಾಗುವಾಗ ಅದೇ ಮುಖ ಒಳಸರಿದಂತೆ ಕಾಣತೊಡಗುತ್ತದೆ.