ಬೆಟ್ಟದ ಬುತ್ತಿ ಮತ್ತು ಅದು ಕೇಳುವ ನೀರು

ಗಂಗಾವತಿಯಲ್ಲಿ ನೆಲೆಸಿರುವ ನಾವು ನಾಲ್ವರು ಗೆಳೆಯರು, ದೀಪಾವಳಿ ಕಳೆದು ಬಿಸಿಲು ತುಸು ಸಡಿಲಗೊಂಡಾಗಿನಿಂದ ಶಿವರಾತ್ರಿಯವರೆಗೆ, ಹೆಚ್ಚುಕಡಿಮೆ ಪ್ರತಿ ಭಾನುವಾರ ಯಾವುದಾದರೊಂದು ಗುಡ್ಡ ಹತ್ತುತ್ತೇವೆ. ಆನೆಗೊಂದಿಯ ಸುತ್ತಲಿನ ಬಂಡೆಗುಡ್ಡಗಳು, ಹಿರೇಬೆಣಕಲ್ಲಿನ ಮೋರೇರ ಬೆಟ್ಟ, ಕೊಪ್ಪಳದ ಕೋಟೆ, ವರ್ಷಕ್ಕೊಮ್ಮೆ ಸಂಡೂರಿನ ಕಾಡು, ಇವು ನಮ್ಮ ಸರಹದ್ದು. ಎತ್ತರದಲ್ಲಿ ಇವು ಸಹ್ಯಾದ್ರಿಯ ಶಿಖರಗಳ ಹತ್ತಿರವೂ ಸುಳಿಯುವುದಿಲ್ಲ. ಆದರೆ ಮಲೆನಾಡಿನ ದಾರಿಗಳಲ್ಲಿ ಸಿಗುವ ನೆರಳಾಗಲಿ, ಬೊಗಸೆಯೊಡ್ಡಿ ಕುಡಿಯಬಹುದಾದ ತೊರೆಯಾಗಲಿ ಇಲ್ಲಿಲ್ಲ. ಜನವರಿಯಲ್ಲಿಯೂ ಹತ್ತು ಗಂಟೆಯ ಹೊತ್ತಿಗೆ ಬಂಡೆಗಳು ಕಾದು, ಕೈ ಊರಿ ಹತ್ತುವವನ ಅಂಗೈಗೆ ಚುರುಕು ಮುಟ್ಟಿಸುತ್ತವೆ. ಆದ್ದರಿಂದ ತಂಪು ನಾಡಿನ ಚಾರಣಿಗರು ಬರೆದಿಟ್ಟ ತಿನಿಸಿನ ಪಟ್ಟಿಗಳನ್ನು ನಾವು ಹಾಗೆಯೇ ಒಪ್ಪಿಕೊಳ್ಳಲು ಬರುವುದಿಲ್ಲ.

ಚಾರಣದ ತಿನಿಸು ಹಗುರವಾಗಿರಬೇಕು ಎನ್ನುವ ಮಾತಿನಲ್ಲಿ ತಪ್ಪಿಲ್ಲ. ಆದರೆ ನಮ್ಮ ಗುಡ್ಡಗಳಲ್ಲಿ ಹೆಗಲು ನೋಯಿಸುವುದು ತಿನಿಸಲ್ಲ, ನೀರು. ಒಂದು ಲೀಟರ್ ನೀರೆಂದರೆ ಒಂದು ಕಿಲೋ ಭಾರ. ಐದಾರು ಗಂಟೆಯ ನಡಿಗೆಗೆ ನಾವು ತಲಾ 3 ಲೀಟರ್ ಹೊರುತ್ತೇವೆ, ತಿನಿಸು ಮಾತ್ರ ಅರ್ಧ ಕಿಲೋ ದಾಟುವುದಿಲ್ಲ. ಹೀಗಿರುವಾಗ ತಿನಿಸಿನಲ್ಲಿ ನೂರು ಗ್ರಾಂ ಉಳಿಸಿ, ಆ ತಿನಿಸಿನ ಖಾರಕ್ಕೋ ಒಣತನಕ್ಕೋ ಅರ್ಧ ಲೀಟರ್ ನೀರನ್ನು ಕಳೆದುಕೊಂಡರೆ ಅದೆಂಥ ಹಗುರ? ಯಾವ ತಿನಿಸನ್ನು ತೂಗುವಾಗಲೂ ಅದು ಕೇಳುವ ನೀರನ್ನು ಸೇರಿಸಿ ತೂಗಬೇಕೆಂಬುದು ನನ್ನ ಲೆಕ್ಕ. ಈ ಲೆಕ್ಕ ನನಗೆ ಹೊಳೆದದ್ದು ಒಮ್ಮೆ ಚೆನ್ನಾಗಿ ಪಾಠ ಕಲಿತ ಮೇಲೆಯೇ.

ಮೊದಲ ವರ್ಷ ಹಿರೇಬೆಣಕಲ್ಲಿಗೆ ಹೊರಟಾಗ ಬುತ್ತಿಯ ಹೊಣೆ ನನ್ನದಾಗಿತ್ತು. ಬಳ್ಳಾರಿ, ರಾಯಚೂರು ಸೀಮೆಯ ನಾಲಗೆಗೆ ಬೆಳಗಿನ ತಿಂಡಿಯೆಂದರೆ ಉಗ್ಗಾಣಿ ಮತ್ತು ಮಿರ್ಚಿ, ಅಂದರೆ ಮೆಣಸಿನಕಾಯಿ ಬಜ್ಜಿ. ನಾನೂ ಹಿಂದೆಮುಂದೆ ಯೋಚಿಸದೆ ನಸುಕಿನಲ್ಲಿಯೇ ಎರಡನ್ನೂ ಕಟ್ಟಿಸಿಕೊಂಡು, ಬಿಸಿ ಆರುವ ಮೊದಲೇ ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದೆ. ಉಗ್ಗಾಣಿ ಎಂದರೆ ಮಂಡಾಳನ್ನು (ಮಂಡಕ್ಕಿಯನ್ನು) ನೀರಿನಲ್ಲಿ ನೆನೆಸಿ, ಹಿಂಡಿ, ಉಳ್ಳಾಗಡ್ಡಿಯ ಒಗ್ಗರಣೆಗೆ ಹಾಕಿ, ಮೇಲೆ ಪುಟಾಣಿ (ಹುರಿಗಡಲೆ) ಹಿಟ್ಟು ಉದುರಿಸಿ ಕಲಸಿದ ತಿಂಡಿ. ಅದರ ರುಚಿಯೆಲ್ಲ ಆ ಹಸಿತನದಲ್ಲಿಯೇ ಇದೆ. ಹನ್ನೊಂದು ಗಂಟೆಗೆ ಬೆಟ್ಟದ ಮೇಲಿನ ಪ್ರಾಚೀನ ಕಲ್ಲುಮನೆಗಳ ನಡುವೆ ಕುಳಿತು ಡಬ್ಬಿ ತೆರೆದಾಗ ಮುಚ್ಚಳದ ಒಳಗೆ ಹಬೆ ಹನಿಗಟ್ಟಿತ್ತು, ಮಂಡಾಳು ಮುದ್ದೆಯಾಗಿತ್ತು, ಮಿರ್ಚಿಯ ಎಣ್ಣೆ ಅದಕ್ಕೆಲ್ಲ ಇಳಿದಿತ್ತು, ಎಲ್ಲಕ್ಕಿಂತ ಮಿಗಿಲಾಗಿ ಒಂದು ಸಣ್ಣ ಹುಳಿ ವಾಸನೆ ಎದ್ದಿತ್ತು. ಹಸಿವು ವಾಸನೆಯನ್ನು ಲೆಕ್ಕಿಸಲಿಲ್ಲ. ಇಳಿಯುವಾಗ ಎದೆಯುರಿ ಹತ್ತಿ, ಇಬ್ಬರ ನೀರು ಅರ್ಧ ದಾರಿಯಲ್ಲಿಯೇ ಮುಗಿದು, ಮಾರನೆಯ ದಿನ ಒಬ್ಬ ರಜೆ ಹಾಕಬೇಕಾಯಿತು. ಬೇಯಿಸಿದ ಅನ್ನವನ್ನಾಗಲಿ ನೆನೆದ ಮಂಡಾಳನ್ನಾಗಲಿ ಬಿಸಿಲಿನಲ್ಲಿ ಮುಚ್ಚಿಟ್ಟರೆ ರೋಗಾಣುಗಳು ಬೇಗ ಹೆಚ್ಚುತ್ತವೆ. ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಉಂಟುಮಾಡುವ ಒಂದು ಬಗೆಯ ವಿಷ ಮತ್ತೆ ಕಾಯಿಸಿದರೂ ಹೋಗುವುದಿಲ್ಲ. ಗಾಳಿಯ ಉಷ್ಣತೆ 32 ಡಿಗ್ರಿ ದಾಟಿದಾಗ ಇಂಥ ಹಸಿ ಅಡುಗೆಯನ್ನು ಒಂದು ಗಂಟೆಗಿಂತ ಹೆಚ್ಚು ಹೊತ್ತು ಇಡಬಾರದು ಎಂಬ ನಿಯಮವನ್ನು ನಾನು ಆಮೇಲೆ ತಿಳಿದುಕೊಂಡೆ. ಚಿತ್ರಾನ್ನ, ಪುಳಿಯೋಗರೆಗಳ ಅಭಿಮಾನಿಗಳು ಬೇಸರಿಸಿಕೊಳ್ಳಬಾರದು. ಬೆಳಗಿನ ಏಳಕ್ಕೆ ಗುಡ್ಡದ ಬುಡದಲ್ಲಿ ತಿನ್ನುವುದಾದರೆ ಯಾವುದಕ್ಕೂ ಅಡ್ಡಿಯಿಲ್ಲ.

ಅದೇ ದಿನ ಅಲ್ಲಿಯೇ ಕಂಡ ಇನ್ನೊಂದು ಊಟವನ್ನು ಹೇಳದಿದ್ದರೆ ಈ ಬರೆಹ ಮುಂದೆ ಸಾಗುವುದಿಲ್ಲ. ಬೆಟ್ಟದ ಮೇಲಿನ ಹಳೆಯ ಕೆರೆಯ ದಂಡೆಯಲ್ಲಿ ಒಬ್ಬ ಕುರಿಗಾಹಿ ಹಿರಿಯರು ಬಂಡೆಯ ನೆರಳು ಹಿಡಿದು ಬುತ್ತಿ ಬಿಚ್ಚಿದರು. ಬಿಳಿ ಅರಿವೆಯ ಗಂಟಿನಲ್ಲಿ ಎರಡು ಕಟಕ ರೊಟ್ಟಿ (ಒಣಗಿಸಿ ಗರಿಗರಿ ಮಾಡಿದ ಜೋಳದ ರೊಟ್ಟಿ), ಒಂದು ಹಸಿ ಉಳ್ಳಾಗಡ್ಡಿ, ಹಾಳೆಯಲ್ಲಿ ಸುತ್ತಿದ ಗುರೆಳ್ಳು ಚಟ್ನಿ, ಪಕ್ಕದಲ್ಲಿ ನೀರಡಿಗೆಗೆಂದು ಒಂದು ಬಾಟಲಿ ಮಜ್ಜಿಗೆ. ಅವರು ರೊಟ್ಟಿಯನ್ನು ಒಣದಾಗಿ ಕಡಿಯಲಿಲ್ಲ. ಅಂಗೈಯಗಲದ ಚೂರುಗಳನ್ನು ತಾಟಿನಂಥ ಮುಚ್ಚಳದಲ್ಲಿಟ್ಟು, ಮಜ್ಜಿಗೆ ಚಿಮುಕಿಸಿ, ಅದು ಮೆತ್ತಗಾಗುವವರೆಗೆ ಉಳ್ಳಾಗಡ್ಡಿಯನ್ನು ಗುದ್ದಿ ಒಡೆಯುತ್ತ ಕುಳಿತರು. ನಾವು ಕೊಟ್ಟ ಬಿಸ್ಕತ್ತನ್ನು ಕಿಸೆಗೆ ಹಾಕಿಕೊಂಡು, ‘ಈಗ ತಿಂದ್ರ ನೀರು ಬೇಡತೈತಿ, ಊರು ಮುಟ್ಟಿದ ಮ್ಯಾಲೆ ತಿಂತೀನಿ’ ಎಂದರು.

ಅಂದಿನಿಂದ ನಮ್ಮ ಬುತ್ತಿಯ ನಡುಗಂಬ ರೊಟ್ಟಿಯೇ ಆಗಿದೆ. ಇದಕ್ಕೆ ಊರಾಭಿಮಾನ ಮಾತ್ರ ಕಾರಣವಲ್ಲ. ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹಕ್ಕೆ ಹಳ್ಳಿಹಳ್ಳಿಗಳಿಂದ ಜೋಳದ ರೊಟ್ಟಿಯ ಹೊರೆಗಳು ಬಂಡಿ, ಟ್ರ್ಯಾಕ್ಟರುಗಳಲ್ಲಿ ಬರುವುದನ್ನು ಕಂಡವರಿಗೆ, ಅವು ಹಲವು ದಿನ ಮೊದಲೇ ಬಡಿದಿಟ್ಟ ರೊಟ್ಟಿಗಳೆಂಬುದು ಗೊತ್ತು. ಒಲೆಯ ಕಾವಿಗೆ ಒರಗಿಸಿ ನೀರಿನಂಶವನ್ನು ಪೂರ್ತಿ ಕಳೆದ ರೊಟ್ಟಿಯಲ್ಲಿ ಬೂಸು ಬೆಳೆಯಲು ಆಸ್ಪದವಿರುವುದಿಲ್ಲ. ಗೆಳೆಯನ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ನಾನು ತೂಗಿ ನೋಡಿದಾಗ ನಮ್ಮ ಮನೆಯ ಒಂದು ಕಟಕ ರೊಟ್ಟಿ 45 ಗ್ರಾಂ ಬಂತು. ಮೂರು ರೊಟ್ಟಿ, ಎರಡು ಚಮಚ ಚಟ್ನಿ ಪುಡಿ ಸೇರಿದರೂ ನೂರೈವತ್ತು ಗ್ರಾಂ ದಾಟಲಿಲ್ಲ. ಜೋಳದಲ್ಲಿರುವ ಪಿಷ್ಟ ನಿಧಾನವಾಗಿ ಕರಗುವುದರಿಂದ, ಮೈದಾ ಬಿಸ್ಕತ್ತು ತಿಂದಾಗ ಆಗುವಂತೆ ಅರ್ಧ ಗಂಟೆಗೆ ಮತ್ತೆ ಹೊಟ್ಟೆ ಚುರುಗುಟ್ಟುವುದಿಲ್ಲ.

ದೋಷಗಳೂ ಇವೆ. ಕಟಕ ರೊಟ್ಟಿ ಬಾಯಿಯ ನೀರನ್ನೆಲ್ಲ ಹೀರಿಕೊಳ್ಳುತ್ತದೆ, ಚೀಲದಲ್ಲಿ ಪುಡಿಯಾಗುತ್ತದೆ. ಮೊದಲನೆಯದಕ್ಕೆ ಕುರಿಗಾಹಿಯ ಉಪಾಯವೇ ಮದ್ದು: ಜೊತೆಗೆ ಸವತೆಕಾಯಿಯನ್ನೋ ನೆನೆಸಿದ ಹೆಸರುಕಾಳನ್ನೋ ಗಟ್ಟಿ ಮೊಸರನ್ನೋ ಒಯ್ಯಬೇಕು. ಸವತೆಕಾಯಿಯಲ್ಲಿ ನೂರಕ್ಕೆ 95 ಪಾಲು ನೀರೇ ಇದ್ದು ಶಕ್ತಿ ಏನೂ ಇಲ್ಲದಿದ್ದರಿಂದ, ತಂಪು ನಾಡಿನ ಲೆಕ್ಕದಲ್ಲಿ ಅದು ವ್ಯರ್ಥ ಭಾರ. ನನ್ನ ಲೆಕ್ಕದಲ್ಲಿ ಅದು ಸಿಪ್ಪೆಯಿರುವ ನೀರಿನ ಬಾಟಲಿ, ಹೇಗೂ ಹೊರಬೇಕಾದ ನೀರನ್ನೇ ಕಡಿದು ತಿನ್ನುವಂತೆ ಹೊರುವುದು. ಎರಡನೆಯ ದೋಷಕ್ಕೆ ನಾವು ಹಲವು ಉಪಾಯ ಹೂಡಿದೆವು. ತಾಟಿನ ನಡುವೆ ಕಟ್ಟಿದರೆ ಭಾರ ಹೆಚ್ಚುತ್ತದೆ. ರಟ್ಟಿನ ಎರಡು ತುಂಡುಗಳ ನಡುವೆ ಇಟ್ಟು ಹಳೆಯ ಪಂಚೆಯಲ್ಲಿ ಸುತ್ತಿ, ಬೆನ್ನಿಗೆ ತಾಗುವ ಬದಿಯಲ್ಲಿ ನಿಲ್ಲಿಸುವುದೇ ಉತ್ತಮವೆಂದು ಕೊನೆಗೆ ತೀರ್ಮಾನವಾಯಿತು. ಮುರಿದರೂ ನಷ್ಟವೇನಿಲ್ಲ, ಮೊಸರಿನಲ್ಲಿ ನೆನೆಸಿ ಶೇಂಗಾ ಚಟ್ನಿ ಕಲಸಿದರೆ ಅದೇ ಒಂದು ಊಟ. ಇದಲ್ಲದೆ, ಹತ್ತುವ ಮುನ್ನ ತಿನ್ನಲು ಮುಟಗಿಯಂಥ ಪದಾರ್ಥ ಇನ್ನೊಂದಿಲ್ಲ. ದಪ್ಪಗೆ ಬಡಿದ ಬಿಸಿ ರೊಟ್ಟಿಯನ್ನು ಬೆಳ್ಳುಳ್ಳಿ, ಜೀರಿಗೆ, ಉಪ್ಪು, ತುಸು ಖಾರ, ಒಂದು ಚಮಚ ತುಪ್ಪದೊಂದಿಗೆ ಕುಟ್ಟಿ ಮುಷ್ಟಿಗಾತ್ರದ ಉಂಡೆ ಕಟ್ಟಿದರೆ, ಅದು ಮೂರು ಗಂಟೆಯವರೆಗೆ ಹಸಿವನ್ನು ಹತ್ತಿರ ಬಿಡುವುದಿಲ್ಲ. ಖಾರ ಮಾತ್ರ ಮನೆಯ ಅಳತೆಯಲ್ಲಿ ಅರ್ಧ ಹಾಕಬೇಕು. ಈ ವಿಷಯದಲ್ಲಿ ನಮ್ಮ ಕಡೆಯವರನ್ನು ಒಪ್ಪಿಸುವುದು ಗುಡ್ಡ ಹತ್ತುವುದಕ್ಕಿಂತ ಕಷ್ಟ.

ನಡೆಯುತ್ತ ನಡೆಯುತ್ತ ಬಾಯಿಗೆ ಹಾಕಿಕೊಳ್ಳಲು ನಾವು ನೆಚ್ಚಿರುವುದು ಶೇಂಗಾ ಉಂಡಿಯನ್ನು. ಒಂದು ಗ್ರಾಂ ಕೊಬ್ಬಿನಿಂದ 9 ಕ್ಯಾಲರಿ ಸಿಕ್ಕರೆ, ಪಿಷ್ಟ ಮತ್ತು ಪ್ರೋಟೀನುಗಳಿಂದ ತಲಾ 4 ಮಾತ್ರ. ಅರ್ಧದಷ್ಟು ಕೊಬ್ಬೇ ಇರುವ ಶೇಂಗಾ ನೂರು ಗ್ರಾಮಿಗೆ ಸುಮಾರು 567 ಕ್ಯಾಲರಿಯನ್ನೂ 25 ಗ್ರಾಂ ಪ್ರೋಟೀನನ್ನೂ ಕೊಡುವುದು ಇದರಿಂದಲೇ. ಎರಡು ಪಾಲು ಹುರಿದ ಶೇಂಗಾಕ್ಕೆ ಒಂದು ಪಾಲು ಬೆಲ್ಲ ಹಾಕಿ ಕಟ್ಟಿದ 30 ಗ್ರಾಮಿನ ಒಂದು ಉಂಡಿಯಲ್ಲಿ 150 ಕ್ಯಾಲರಿಯಷ್ಟು ಶಕ್ತಿ ಅಡಗಿರುತ್ತದೆ. ಬೆಲ್ಲ ಕೂಡಲೇ ಒದಗುತ್ತದೆ, ಶೇಂಗಾ ತಡವಾಗಿ. ಆದರೆ ಕೊಬ್ಬು ಅರಗಲು ಹೊತ್ತು ಹಿಡಿಯುವುದರಿಂದ ಏರುದಾರಿಯ ಮಧ್ಯದಲ್ಲಿ ಮೂರು ನಾಲ್ಕು ಉಂಡಿ ಒಟ್ಟಿಗೆ ತಿಂದರೆ ಹೊಟ್ಟೆ ಭಾರವಾಗಿ ಕಾಲು ಸೋಲುತ್ತದೆ. ಗಂಟೆಗೊಂದು ಸಾಕು. ಉಂಡಿಯ ಪಾಕ ಗಟ್ಟಿಯಾದರೆ ಚಿಕ್ಕಿಯಂತಾಗಿ ಹಲ್ಲಿಗೆ ಅಂಟುತ್ತದೆ, ಬಾಯಿ ಒಣಗಿದಾಗ ಅದು ಹಿಂಸೆ. ಆದ್ದರಿಂದ ಪಾಕ ಮಾಡದೆ, ಬೆಲ್ಲವನ್ನು ತರಿತರಿ ಪುಡಿ ಮಾಡಿ ಶೇಂಗಾದೊಂದಿಗೆ ಕುಟ್ಟಿ ಕಟ್ಟುವ ನಮ್ಮ ಪಂಚಮಿ ಹಬ್ಬದ ಪದ್ಧತಿಯೇ ಇಲ್ಲಿಗೆ ಸರಿ. ಶೇಂಗಾ ಆರಿಸುವಾಗ ಸುಕ್ಕಾದ, ಬಣ್ಣಗೆಟ್ಟ, ಕಮಟು ವಾಸನೆಯ ಕಾಳುಗಳನ್ನು ಒಂದೂ ಬಿಡದಂತೆ ತೆಗೆಯಬೇಕು. ಅವುಗಳಲ್ಲಿ ಬೂಸಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷವಿರಬಹುದು, ಅದು ಯಕೃತ್ತಿಗೆ ಕೆಡುಕು, ಹುರಿದರೂ ಪೂರ್ತಿ ನಾಶವಾಗುವುದಿಲ್ಲ.

ಒಣ ಮಂಡಾಳನ್ನು ಹಗುರವೆಂದು ಒಯ್ಯುವವರಿಗೆ ಒಂದು ಮಾತು. ಒಂದು ಲೀಟರ್ ಹಿಡಿಸುವ ಡಬ್ಬಿಯಲ್ಲಿ 60 ಗ್ರಾಂ ಮಂಡಾಳು ತುಂಬಿದರೆ ಹೆಚ್ಚು. ಚೀಲವೆಲ್ಲ ಅದಕ್ಕೇ ಹೋಗುತ್ತದೆ. ಅದೇ ಜಾಗದಲ್ಲಿ ಪುಟಾಣಿ ಮತ್ತು ಒಣದ್ರಾಕ್ಷಿ ನಾಲ್ಕು ಜನರ ದಿನವನ್ನೇ ಕಳೆಯುತ್ತವೆ. ಪೇಟೆಯ ಚಾಕೊಲೇಟ್ ಬಾರುಗಳ ಬಗ್ಗೆ ಬರೆಯುವಷ್ಟು ಅನುಭವ ನನಗಿಲ್ಲ, ಏಕೆಂದರೆ ನಾನು ಒಯ್ದ ಒಂದೇ ಒಂದು ಬಾರನ್ನು ಕೊನೆಗೆ ಕಾಗದದಿಂದ ನೆಕ್ಕಬೇಕಾಯಿತು.

ಉಪ್ಪಿನ ಮಾತು ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು. ಬೆವರಿನೊಂದಿಗೆ ಸೋಡಿಯಂ ಹೊರಹೋಗುವುದರಿಂದ ಬರಿಯ ನೀರನ್ನೇ ಗಟಗಟನೆ ಕುಡಿಯುತ್ತಿದ್ದರೆ ಸುಸ್ತು, ತಲೆನೋವು ಇನ್ನೂ ಹೆಚ್ಚಬಹುದು. ನಮ್ಮ ಚಟ್ನಿ ಪುಡಿಗಳು ಈ ಕೊರತೆಯನ್ನು ಅರಿವಿಲ್ಲದೆಯೇ ತುಂಬುತ್ತವೆ; ನಮ್ಮಲ್ಲಿ ರಕ್ತದೊತ್ತಡದ ಮಾತ್ರೆ ನುಂಗುವ ಒಬ್ಬನಿದ್ದಾನೆ, ಅವನು ಮಾತ್ರ ವೈದ್ಯರನ್ನು ಕೇಳಿಕೊಂಡೇ ಉಪ್ಪಿನ ಅಳತೆ ಇಟ್ಟುಕೊಂಡಿದ್ದಾನೆ. ತುರ್ತಿಗೆಂದು ಚೀಲದಲ್ಲಿ ಎರಡು ಓಆರ್‌ಎಸ್ ಪುಡಿಯ ಪೊಟ್ಟಣಗಳಿರುತ್ತವೆ. 20.5 ಗ್ರಾಮಿನ ಒಂದು ಪೊಟ್ಟಣ ಇರುವುದು ಒಂದು ಲೀಟರ್ ನೀರಿಗೆ. ರುಚಿ ಬರಲಿ ಎಂದು ನಾನೊಮ್ಮೆ ಅದನ್ನು ಅರ್ಧ ಲೀಟರಿನ ಬಾಟಲಿಗೆ ಸುರಿದು ಕುಡಿದು, ದಾಹ ತೀರುವ ಬದಲು ಹೆಚ್ಚಿಸಿಕೊಂಡೆ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು ಮಟ್ಟಸವಾಗಿ ಅಳೆದು ಹಾಕಿದರೂ ಕೆಲಸ ನಡೆಯುತ್ತದೆ. ಜೋಳದ ಅಂಬಲಿ ಇವೆಲ್ಲಕ್ಕಿಂತ ಮೇಲೆಂದು ಗೆಳೆಯನೊಬ್ಬ ಹಟ ಹಿಡಿದು, ರಾತ್ರಿ ಹುದುಗಿದ ಅಂಬಲಿಯನ್ನು ಬಾಟಲಿಗೆ ತುಂಬಿ ತಂದಿದ್ದ. ಎಂಟೂವರೆಗೆ ಬಿಸಿಲು ತಾಗಿ, ಮುಚ್ಚಳ ತಿರುವಿದ ಕೂಡಲೇ ಅದು ಬುಸ್ಸೆಂದು ಚಿಮ್ಮಿ ಅವನ ಅಂಗಿಯ ಪಾಲಾಯಿತು. ಅಂಬಲಿಯದು ತಪ್ಪಲ್ಲ. ಅದನ್ನು ಮನೆಯಲ್ಲಿ ಕುಡಿದು ಹೊರಡಬೇಕು.

ಬಾಳೆಹಣ್ಣನ್ನು ನಾವು ಬಿಟ್ಟಿರುವುದಕ್ಕೆ ಪೌಷ್ಟಿಕತೆ ಕಾರಣವಲ್ಲ, ಮಂಗಗಳು. ಅಂಜನಾದ್ರಿಯ ಐನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಕೈಯಲ್ಲಿ ಹಣ್ಣು ಹಿಡಿದು ಹತ್ತಲು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪೇರಲ ಹಣ್ಣನ್ನು ಮನೆಯಲ್ಲಿಯೇ ಹೆಚ್ಚಿ ಡಬ್ಬಿಗೆ ಹಾಕಿಕೊಂಡರೆ ಅದು ಹೊರಗೆ ಕಾಣುವುದಿಲ್ಲ. ಸಂಡೂರಿನ ಕಾಡಿಗೆ ಹೋಗುವಾಗ ಬೆಲ್ಲದ ವಾಸನೆಯ ಬಗ್ಗೆಯೂ ಎಚ್ಚರ ಬೇಕು. ಅದರ ಹತ್ತಿರದ, 1994ರಲ್ಲಿ ಘೋಷಣೆಯಾದ ದರೋಜಿ ಕರಡಿಧಾಮದಲ್ಲಿ ಕರಡಿಗಳನ್ನು ವೀಕ್ಷಣಾ ಗೋಪುರದ ಎದುರಿನ ಬಂಡೆಗಳತ್ತ ಸೆಳೆಯಲು ಬೆಲ್ಲದ ಪಾಕವನ್ನೇ ಬಳಿಯುತ್ತಾರೆ. ಕರಡಿಗೆ ಪ್ರಿಯವಾದುದನ್ನು ತೆರೆದ ಕಿಸೆಯಲ್ಲಿಟ್ಟುಕೊಂಡು ಕರಡಿಯಿರುವ ಸೀಮೆಯಲ್ಲಿ ಅಲೆಯುವುದು ಜಾಣತನವಲ್ಲ. ಉಂಡಿಗಳು ಗಟ್ಟಿ ಮುಚ್ಚಳದ ಡಬ್ಬಿಯಲ್ಲಿರಬೇಕು, ಸಿಪ್ಪೆ ಮತ್ತು ಕಾಗದಗಳು ಅದೇ ಡಬ್ಬಿಯಲ್ಲಿ ಮರಳಿ ಬರಬೇಕು.

ಬರುವ ಭಾನುವಾರ ಮತ್ತೆ ಹಿರೇಬೆಣಕಲ್. ಐದೂವರೆಗೆ ಮುಟಗಿ ತಿಂದು ಹೊರಡುವುದು, ಚೀಲದಲ್ಲಿ ತಲಾ ಮೂರು ರೊಟ್ಟಿ, ನಾಲ್ಕು ಉಂಡಿ, ಎರಡು ಸವತೆಕಾಯಿ, ಒಂದು ಮುಷ್ಟಿ ನೆನೆದ ಹೆಸರು ಎಂದು ಗೊತ್ತಾಗಿದೆ. ಚಟ್ನಿ ಅಗಸಿಯದೋ ಗುರೆಳ್ಳಿನದೋ ಎಂಬ ವಾದ ಬುಧವಾರದಿಂದ ನಡೆದಿದ್ದು, ಅಗಸಿಯ ಪರ ಸದ್ಯಕ್ಕೆ ನಾನೊಬ್ಬನೇ ಇದ್ದೇನೆ.